ಸೋರುವ ಪಿಪೆಟ್ಟಿನ ಮಿಸ್

ಮಿಸ್ ಹೋದರು ಎಂಬ ಸುದ್ದಿಯನ್ನು ನನಗೆ ಮುಟ್ಟಿಸಿದವಳು ಶಮ್ಸಾ. ಫೌಂಡೇಶನ್ ವರ್ಷದಲ್ಲಿ ನನ್ನ ಪಕ್ಕದ ಸ್ಟೂಲಿನಲ್ಲಿ ಕೂರುತ್ತಿದ್ದ ಒಮಾನಿ ಹುಡುಗಿ. ಈಗ ಒಮಾನಿನ ನಿಜ್ವಾದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿದ್ದಾಳೆ. ನಾನು ಸೊಹಾರ್‌ನಲ್ಲಿ ಅದೇ ಕೆಲಸ ಮಾಡಿಕೊಂಡಿದ್ದೇನೆ. ಬೆಳಗ್ಗೆ ಹತ್ತರ ಹೊತ್ತಿಗೆ, ರಕ್ತದ ಟ್ಯೂಬುಗಳು ರಾಶಿ ಬಿದ್ದಿರುವಾಗ ಫೋನು ಮಾಡಿ, ಅರ್ಧ ಅರಬಿ ಅರ್ಧ ಇಂಗ್ಲಿಷಿನಲ್ಲಿ ಹೇಳಿದಳು. ಉಡುಪಿ ಕಡೆಯ ಅವರ ಊರಿನಲ್ಲಿ, ತಮ್ಮನ ಮನೆಯಲ್ಲಿ, ಬೆಳಗಿನ ಕಾಫಿ ಕುಡಿದು ಕೂತವರು ಏಳಲಿಲ್ಲವಂತೆ. ಹೇಳಿ ಮುಗಿಸಿ ಶಮ್ಸಾ ಗೊಳೋ ಎಂದು ಅತ್ತಳು.

ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಸತ್ಯವನ್ನೇ ಹೇಳಬೇಕಲ್ಲ, ಅವರ ವಿಷಯ ಬರೆಯುವಾಗ ಬೇರೆ ದಾರಿಯೂ ಇಲ್ಲ. ಆ ಹೆಂಗಸಿನ ಜೊತೆ ನನ್ನದು ಇನ್ನೂ ಒಂದಷ್ಟು ಜಗಳ ಬಾಕಿ ಇತ್ತು. ಅಷ್ಟರಲ್ಲಿ ಎದ್ದು ಹೋದರೆ ಹೇಗೆ?

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ನಮಗೆಲ್ಲ ಅವರು ಬರೀ ಮಿಸ್. ನಿಜ್ವಾದ ನಮ್ಮ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿದ ಡಾಕ್ಟರುಗಳು ಬೇಕಾದಷ್ಟು ಇದ್ದರು, ಅವರಿಗೆಲ್ಲ ಬಾಗಿಲಿನಲ್ಲಿ ಹೆಸರಿನ ಫಲಕ. ಮಿಸ್ ಫೌಂಡೇಶನ್ ಲ್ಯಾಬಿನ ಇನ್‌ಸ್ಟ್ರಕ್ಟರ್, ಅಷ್ಟೇ. ಕುಳ್ಳಗಿನ ಹೆಂಗಸು, ಗಂಡಸರ ವಾಚು, ಅದರ ಮುಖ ಮಣಿಕಟ್ಟಿನ ಒಳಬದಿಗೆ. ಲ್ಯಾಬ್ ಕೋಟಿನ ಕಿಸೆಯಲ್ಲಿ ಯಾವಾಗಲೂ ಮೂರು ಪೆನ್ನು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಮೆಷಿನುಗಳ ಜೊತೆ ತುಳುವಿನಲ್ಲಿ ಮಾತಾಡುತ್ತಿದ್ದರು. ಸೆಂಟ್ರಿಫ್ಯೂಜ್ ಗಡಗಡ ಅಂದರೆ ಅದರ ಮುಚ್ಚಳಕ್ಕೆ ಕೈಯಿಟ್ಟು "ಒಂತೆ ಉಂತು ಮಾರಾಯಾ" ಎಂದು ಸಮಾಧಾನ ಮಾಡುವರು. ಸ್ವಲ್ಪ ತಾಳು ಮಾರಾಯಾ ಎಂದರ್ಥ. ಅದು ತಾಳುತ್ತಿತ್ತು, ಆಣೆ ಮಾಡಿ ಹೇಳುತ್ತೇನೆ.

ನಾನು ಅಲ್ಲಿಗೆ ಹೋಗಿ ಬಿದ್ದದ್ದು ಹೇಗೆಂದು ಹೇಳಬೇಕು. ಏಳನೇ ಕ್ಲಾಸಿನವರೆಗೆ ಬಂಟ್ವಾಳದ ಕಡೆ ಅಜ್ಜಿಯ ಮನೆಯಲ್ಲಿದ್ದು ಕನ್ನಡ ಶಾಲೆಗೆ ಹೋದವಳು ನಾನು. ಆಮೇಲೆ ಸುವೈಕ್‌ಗೆ ಬಂದೆ. ಅಲ್ಲಿ ಅಪ್ಪನದ್ದು, ನಮ್ಮ ಮಾತಿನಲ್ಲಿ ಉಪ್ಪನದ್ದು, ಒಂದು ಸಣ್ಣ ಬಕಾಲ, ಅಂದರೆ ದಿನಸಿ ಅಂಗಡಿ. ಇಂಡಿಯನ್ ಸ್ಕೂಲಿನಲ್ಲಿ ಹನ್ನೆರಡನೇ ಕ್ಲಾಸು ಮುಗಿಸಿ, ಡಾಕ್ಟರಾಗುವ ಪರೀಕ್ಷೆಗೆ ಎರಡು ಸಲ ಕೂತು, ಎರಡು ಸಲವೂ ಮಕಾಡೆ ಮಲಗಿದೆ. ಅಷ್ಟರಲ್ಲಿ ಯಾರೋ ಉಪ್ಪನಿಗೆ ಹೇಳಿದರು, ನಿಜ್ವಾದಲ್ಲಿ ಬಯೋಮೆಡಿಕಲ್ ಸೈನ್ಸ್ ಎಂಬ ಡಿಗ್ರಿ ಇದೆ, ರಕ್ತ, ಮೂತ್ರ, ಕಫ ಎಲ್ಲ ಪರೀಕ್ಷೆ ಮಾಡುವ ವಿದ್ಯೆ, ಮೊದಲು ಒಂದು ಫೌಂಡೇಶನ್ ವರ್ಷ ಪಾಸಾಗಬೇಕು, ಆಮೇಲೆ ಸೀಟು. ಉಪ್ಪ ನನ್ನನ್ನು ಎದುರು ಕೂರಿಸಿಕೊಂಡು ಹೇಳಿದರು: "ನೋಡು, ಇದೊಂದು ವರ್ಷ. ಇದು ಆದ್ರೆ ಓದು. ಇಲ್ಲದಿದ್ರೆ ಖಲಾಸ್, ಊರಿಗೆ ಅಜ್ಜಿ ಹತ್ರ ಹೋಗು. ಮತ್ತೆ ಕಾಲೇಜಿನ ಮಾತು ನನ್ನ ಹತ್ರ ತೆಗೀಬೇಡ." ಉಪ್ಪ ಬೈಯುವ ಜನ ಅಲ್ಲ. ಮೆಲ್ಲಗೆ ಹೇಳಿದ್ದರಿಂದಲೇ ನನಗೆ ಅದು ಕೊನೆಯ ಮಾತೆಂದು ಗೊತ್ತಾಯಿತು.

ಹನ್ನೆರಡು ಮುಗಿಸಿದವಳಿಗೆ ಮತ್ತೆ ಇಂಗ್ಲಿಷು, ಲೆಕ್ಕ, ಕಂಪ್ಯೂಟರು, ಮೇಲಿಂದ ಒಂದಿಷ್ಟು ಲ್ಯಾಬು. ಊರಿನ ನೆಂಟರು "ಪಿಯುಸಿ ಆದ ಮೇಲೆ ಎಲ್‌ಕೆಜಿಯಾ?" ಎಂದು ನಕ್ಕರು. ಉಮ್ಮ ಮಾತ್ರ ಬಿಟ್ಟುಕೊಡಲಿಲ್ಲ. "ಇವಳು ಡಾಕ್ಟರ್ ಅಲ್ಲ, ಡಾಕ್ಟರಿಗೇ ಹೇಳಿಕೊಡುವವಳು" ಎಂದು ಫೋನಿನಲ್ಲಿ ಎಲ್ಲರಿಗೂ ಸಾರಿದರು. ನನಗೂ ಒಳಗೊಳಗೇ ಒಂದು ಪೊಗರು. ಶಮ್ಸಾಳಂಥವರು ಇಂಗ್ಲಿಷಿನ ಒಂದು ವಾಕ್ಯ ಜೋಡಿಸಲು ಬೆವರುತ್ತಿದ್ದಾಗ ನಾನು ಇದೆಲ್ಲ ನೀರು ಕುಡಿದಷ್ಟು ಸಲೀಸು ಎಂದುಕೊಂಡಿದ್ದೆ.

ಪೊಗರು ಇಳಿಯಲು ಮೊದಲ ವಾರವೇ ಸಾಕಾಯಿತು. ನೀರುಳ್ಳಿಯ ಸಿಪ್ಪೆಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಚಿತ್ರ ಬರೆಯುವ ಕೆಲಸ. ಇಂಡಿಯನ್ ಸ್ಕೂಲಿನವರಿಗೆ ಇದು ಬಾಯಿಪಾಠ. ಇಟ್ಟಿಗೆ ಜೋಡಿಸಿದ ಹಾಗೆ ಕೋಶಗಳು, ಒಂದೊಂದರಲ್ಲಿ ಒಂದೊಂದು ಚುಕ್ಕಿ, ಸ್ಕೇಲು ಹಿಡಿದು ಎಳೆದ ಗೆರೆ, ಬಲಬದಿಗೆ ಹೆಸರುಗಳು. ಹತ್ತು ನಿಮಿಷದಲ್ಲಿ ಮುಗಿಸಿ ಕೈಕಟ್ಟಿ ಕೂತೆ. ಮಿಸ್ ಬಂದು ಚಿತ್ರ ನೋಡಿದರು, ಬಗ್ಗಿ ನನ್ನ ಮೈಕ್ರೋಸ್ಕೋಪಿನಲ್ಲಿ ನೋಡಿದರು, ಮತ್ತೆ ಚಿತ್ರ ನೋಡಿದರು.

"ಎಲ್ಲಿಯದು ಮಗಾ ನಿನ್ನ ಊರು?" ಎಂದು ಕನ್ನಡದಲ್ಲಿ ಕೇಳಿದರು. ನನ್ನ ಹೆಸರಿನ ಹಿಂದಿದ್ದ ಊರಿನ ಹೆಸರು ಹಾಜರಿ ಪಟ್ಟಿಯಲ್ಲಿ ಅವರ ಕಣ್ಣಿಗೆ ಬಿದ್ದಿತ್ತು.

ಹೇಳಿದೆ.

"ಹಾಗಾದ್ರೆ ಕನ್ನಡದಲ್ಲೇ ಹೇಳ್ತೇನೆ, ಬೇರೆಯವರ ಎದುರು ಮರ್ಯಾದೆ ಹೋಗೂದು ಬೇಡ. ಇದು ಪುಸ್ತಕದ ನೀರುಳ್ಳಿ. ಚಂದ ಉಂಟು. ನಿನ್ನ ನೀರುಳ್ಳಿ ಎಲ್ಲುಂಟು? ಸ್ಲೈಡಿನ ನಡುವಲ್ಲಿ ಇಷ್ಟು ದೊಡ್ಡ ಗಾಳಿಗುಳ್ಳೆ ಉಂಟಲ್ಲ, ಅದು ಚಿತ್ರದಲ್ಲಿ ಯಾಕೆ ಇಲ್ಲ?"

"ಮಿಸ್, ಅದು ತಪ್ಪಲ್ವಾ? ಬಬಲ್ ಬರಬಾರದಲ್ವಾ?"

"ಬರಬಾರದು. ಆದ್ರೆ ಬಂದಿದೆ. ಬಂದದ್ದನ್ನು ಬರಿ."

ಪಕ್ಕದಲ್ಲಿ ಶಮ್ಸಾ ತನ್ನ ಚಿತ್ರ ತೋರಿಸಿದಳು. ಓರೆಕೋರೆಯಾಗಿ ಮಡಚಿದ ಸಿಪ್ಪೆ, ಎರಡು ಗುಳ್ಳೆ, ಜೊತೆಗೊಂದು ಕೂದಲು. ಅವಳದ್ದೇ ಕೂದಲು. ಮಿಸ್ "ಮುಮ್ತಾಜ್!" ಎಂದು ಅವಳ ಬೆನ್ನು ತಟ್ಟಿದರು. ಬಹಳ ಚೆನ್ನಾಗಿದೆ ಎಂಬ ಅರಬಿ ಮಾತು ಅದು. ಆ ಕೂದಲಿನ ಚಿತ್ರಕ್ಕೆ ಶಭಾಶ್‌ಗಿರಿ, ನನ್ನ ಇಟ್ಟಿಗೆ ಗೋಡೆಗೆ ಮಂಗಳಾರತಿ. ಅವತ್ತು ಹಾಸ್ಟೆಲಿಗೆ ಬಂದು ಊಟ ಮಾಡಲಿಲ್ಲ.

ಮಿಸ್‌ನ ಲ್ಯಾಬಿನಲ್ಲಿ ಕೆಲವು ಕಾನೂನುಗಳಿದ್ದವು. ಅಳೆದದ್ದನ್ನು ಪೆನ್ನಿನಲ್ಲೇ ಬರೆಯಬೇಕು, ನಿನಗೆ ಏನನ್ನಿಸಿತು ಎಂಬುದನ್ನು ಪೆನ್ಸಿಲಿನಲ್ಲಿ. ತಪ್ಪಿದರೆ ಒಂದೇ ಗೆರೆ ಎಳೆದು ಹೊಡೆದು ಹಾಕಿ ಪಕ್ಕದಲ್ಲಿ ಸಹಿ ಮಾಡಬೇಕು, ಆದರೆ ಹೊಡೆದು ಹಾಕಿದ್ದು ಓದಲು ಬರಬೇಕು. ವೈಟ್ನರ್ ಕಂಡರಂತೂ ಹಾವು ಕಂಡ ಹಾಗೆ. ಮೊದಲ ದಿನವೇ ನಮ್ಮ ಪೆನ್ಸಿಲ್ ಡಬ್ಬಿಗಳನ್ನು ತಡಕಾಡಿ ಒಟ್ರಾಶಿ ಎಲ್ಲರ ವೈಟ್ನರನ್ನೂ ಎತ್ತಿ ಡ್ರಾಯರಿಗೆ ಹಾಕಿ ಬೀಗ ಜಡಿದರು. ನನ್ನ ಹತ್ತಿರವೇ ಎರಡಿದ್ದವು.

ಹೀಗೆಲ್ಲ ಹೇಳಿದರೆ ಗುಮ್ಮನ ಹಾಗೆ ಕಾಣುತ್ತಾರೆ, ಹಾಗಲ್ಲ. ಒಮಾನಿ ಹುಡುಗಿಯರಿಗೆ ಅವರೆಂದರೆ ಪ್ರಾಣ. ಅವರ ಅರಬಿ ಆಸ್ಪತ್ರೆಯ ಕಾರಿಡಾರಿನಲ್ಲಿ ಕಲಿತದ್ದು, ವ್ಯಾಕರಣ ದೇವರಿಗೇ ಪ್ರೀತಿ, ರಾಗ ಮಾತ್ರ ಅಪ್ಪಟ ಉಡುಪಿಯದ್ದು. ದ್ರವ ಅಳೆದು ಎಳೆಯುವ ಪಿಪೆಟ್ಟು ಹಿಡಿದ ಕೈ ಅವಸರ ಮಾಡಿದರೆ ಹಿಂದಿನಿಂದ "ಶ್ವೈ ಶ್ವೈ, ಮೆಲ್ಲ ಮೆಲ್ಲ" ಎಂಬ ಜೋಡಿ ಮಾತು ಬರುತ್ತಿತ್ತು. ವರ್ಷದ ಕೊನೆಗೆ ಶಮ್ಸಾ ಕೂಡ "ಮೆಲ್ಲ ಮೆಲ್ಲ" ಅನ್ನತೊಡಗಿದ್ದಳು. ರಂಜಾನಿನಲ್ಲಿ ಉಪವಾಸವಿರುವ ನಮ್ಮ ಎದುರು ಅವರು ಒಂದು ಗುಟುಕು ನೀರು ಕುಡಿದವರಲ್ಲ. ಬಾಯಾರಿದರೆ ಕೆಮಿಕಲ್ ಇಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಕುಡಿದು ಬಾಯಿ ಒರೆಸಿಕೊಂಡು ಬರುವರು. ಲ್ಯಾಬಿನಲ್ಲಿ ತಿನ್ನಬಾರದು ಕುಡಿಯಬಾರದು ಎಂಬ ಕಾನೂನನ್ನು ಅವರು ಮುರಿದದ್ದು ಆ ಒಂದು ತಿಂಗಳು ಮಾತ್ರ, ಅದೂ ನಮಗಾಗಿ. ಕದ್ದು ಕುಡಿಯುವುದು ನಮಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ.

ಒಂದು ದಿನ ಕಾರಿಡಾರಿನಲ್ಲಿ ನಿಂತು ಫೋನಿನಲ್ಲಿ ಉಮ್ಮನ ಹತ್ತಿರ ಅವರನ್ನು ನಮ್ಮ ಮನೆಮಾತಾದ ಬ್ಯಾರಿ ಭಾಷೆಯಲ್ಲಿ ಸಮಾ ಬೈದೆ. ಈ ಬಾಯಮ್ಮ ನನ್ನ ಜೀವ ತಿನ್ನುತ್ತಾರೆ, ಇವರಿಗೆ ಮನೆ ಮಠ ಇಲ್ಲವಾ, ಇತ್ಯಾದಿ. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎಂದೇ ಕರೆಯುವುದು. ಮಿಸ್ ಪಕ್ಕದಲ್ಲೇ ನೋಟೀಸ್ ಬೋರ್ಡು ನೋಡುತ್ತಾ ನಿಂತಿದ್ದರು. ಮನೆಯಲ್ಲಿ ಕೊಂಕಣಿ ಮಾತಾಡುವವರಿಗೆ ಬ್ಯಾರಿ ಎಲ್ಲಿ ಗೊತ್ತಾಗುತ್ತದೆ ಎಂಬ ಧೈರ್ಯ ನನ್ನದು. ಫೋನಿಟ್ಟ ಮೇಲೆ ಅವರು ನನ್ನತ್ತ ತಿರುಗದೆಯೇ ಹೇಳಿದರು: "ನಮ್ಮ ಮನೆಯ ಎಡಕ್ಕೆ ಎರಡು ಬ್ಯಾರಿಗಳ ಮನೆ, ಬಲಕ್ಕೆ ಮೂರು. ಮನೆ ಉಂಟು ಮಗಾ, ಮಠ ಇಲ್ಲ." ನನಗೆ ನೆಲ ಬಿರಿದು ಒಳಗೆ ಹೋಗಬಾರದಾ ಅನ್ನಿಸಿತು.

ಈಗ ಆ ಪಿಪೆಟ್ಟಿನ ಕಥೆ.

ಮೊದಲ ಸೆಮಿಸ್ಟರಿನ ಕೊನೆಗೆ ಲ್ಯಾಬ್ ಪರೀಕ್ಷೆ. ಕೆಲಸ ಬಹಳ ಸುಲಭ. ಪಿಪೆಟ್ಟಿನಲ್ಲಿ ಒಂದು ಎಂಎಲ್ ನೀರು ತೆಗೆಯಬೇಕು, ತೂಕ ನೋಡಬೇಕು, ಬರೆಯಬೇಕು. ಹೀಗೆ ಹತ್ತು ಸಲ. ಒಂದು ಎಂಎಲ್ ನೀರು ಒಂದು ಗ್ರಾಮ್ ತೂಗಬೇಕೆಂದು ಯಾರಿಗೆ ಗೊತ್ತಿಲ್ಲ? ನಾನು ಮತ್ತು ಶಮ್ಸಾ ಒಂದೇ ಬೆಂಚು, ಒಂದೇ ಪಿಪೆಟ್ಟು, ಸರದಿಯ ಮೇಲೆ. ನನ್ನ ಮೊದಲ ತೂಕ 0.82 ಬಂತು. ಎರಡನೆಯದು 0.79. ಮೂರು, ನಾಲ್ಕು, ಎಲ್ಲ ಅದೇ ಕಥೆ. ನನ್ನ ಕೈಯೇ ಸರಿಯಿಲ್ಲ, ಮಾರ್ಕು ಹೋಯಿತು, ಉಪ್ಪ ಹೇಳಿದ ಒಂದು ವರ್ಷವೂ ಹೋಯಿತು ಎನ್ನಿಸಿತು.

ಸ್ಕೂಲಿನಲ್ಲಿ ನಮಗೆ ಇದಕ್ಕೊಂದು ದಾರಿ ಗೊತ್ತಿತ್ತು. ಪ್ರಾಕ್ಟಿಕಲ್ ರೆಕಾರ್ಡು ಎಂದರೆ ಮೇಲಿನ ಕ್ಲಾಸಿನವರ ಪುಸ್ತಕ ತಂದು ಇಳಿಸಿಕೊಳ್ಳುವುದು. ರೀಡಿಂಗ್ ಸರಿ ಬಾರದಿದ್ದರೆ ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿ ಬರೆಯುವುದು. ನಾವೆಲ್ಲ ಹಾಗೆಯೇ ಮಾಡಿದ್ದು, ಅದು ಮೋಸ ಎಂದು ಯಾರ ತಲೆಗೂ ಹೊಳೆದಿರಲಿಲ್ಲ. ಅಂದವಾದ ಅಕ್ಷರ, ಸರಿಯಾದ ಉತ್ತರ, ಮಾರ್ಕು. ಆ ನಾಲ್ಕು ತೂಕಗಳನ್ನು ಬರೆದುಕೊಂಡಿದ್ದ ಚೀಟಿಯನ್ನು ಕಸದ ಬುಟ್ಟಿಗೆ ಹಾಕಿ ಪುಸ್ತಕದಲ್ಲಿ ಬರೆದೆ: 1.00, 0.99, 1.01, 1.00. ನಡುವೆ ಒಂದು ಕಡೆ 0.98 ಕೂಡ ಹಾಕಿದೆ, ಸಹಜವಾಗಿ ಕಾಣಲಿ ಎಂದು. ಅಷ್ಟು ಕಲೆ ನನ್ನಲ್ಲಿತ್ತು. ಶಮ್ಸಾ ಕಣ್ಣೀರು ತುಂಬಿಕೊಂಡು 0.81, 0.80 ಎಂದು ಬರೆಯುತ್ತಿದ್ದಳು. "ನನ್ನದು ನೋಡಿ ಬರಿ" ಎಂದೆ. ಅವಳು ತಲೆಯಾಡಿಸಿದಳು. "ಮಿಸ್ ಕಂಡದ್ದು ಬರಿ ಅಂದಿದ್ದಾರೆ" ಎಂದಳು. ಎಂಥ ಪೆದ್ದಿ ಇವಳು ಎಂದು ನಾನು ಮನಸ್ಸಿನಲ್ಲೇ ನಕ್ಕೆ.

ಮಿಸ್ ಎರಡೂ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಎಲ್ಲರನ್ನೂ ಹೊರಗೆ ಕಳಿಸಿ ನನ್ನನ್ನು ಉಳಿಸಿಕೊಂಡರು.

"ಇದು ನೀನು ತೂಗಿದ್ದಾ?"

"ಹೌದು ಮಿಸ್."

"ಇದೇ ಪಿಪೆಟ್ಟಿನಲ್ಲಾ?"

"ಹೌದು ಮಿಸ್."

ಅವರು ಒಂದು ಲೋಟ ನೀರಿಗೆ ನೀಲಿ ಬಣ್ಣ ಹಾಕಿ, ಅದೇ ಪಿಪೆಟ್ಟಿನಲ್ಲಿ ಎಳೆದು, ನನ್ನ ಕಣ್ಣೆದುರು ನೆಟ್ಟಗೆ ಹಿಡಿದರು. ತುದಿಯಲ್ಲಿ ಒಂದು ಹನಿ ಮೂಡಿತು, ದಪ್ಪಗಾಯಿತು, ಟಪ್ಪೆಂದು ಬಿತ್ತು. ಹಿಂದೆಯೇ ಇನ್ನೊಂದು. ಪಿಪೆಟ್ಟಿನ ಒಳಗಿನ ರಬ್ಬರು ಸವೆದಿತ್ತು. ಅದರಲ್ಲಿ ಒಂದು ಎಂಎಲ್ ನಿಲ್ಲಲು ಸಾಧ್ಯವೇ ಇರಲಿಲ್ಲ.

"ನನಗೂ ಗೊತ್ತಿರಲಿಲ್ಲ ಮಗಾ, ಇದು ಹಾಳಾದದ್ದು. ಶಮ್ಸಾನ ಪುಸ್ತಕ ನೋಡಿ ಗೊತ್ತಾಯ್ತು. ನಿನ್ನ ಪುಸ್ತಕ ಒಂದೇ ಇದ್ರೆ ನಾಳೆ ಇನ್ನೊಂದು ಬ್ಯಾಚಿಗೆ ಇದನ್ನೇ ಕೊಡ್ತಿದ್ದೆ. ಈಗ ಹೇಳು. ತೂಗಿದ್ಯಾ?"

"ಇಲ್ಲ ಮಿಸ್. ಸುಮ್ಮನೆ ಬರೆದದ್ದು."

ಪರೀಕ್ಷೆಯಲ್ಲಿ ಸುಳ್ಳು ರೀಡಿಂಗ್ ಬರೆದರೆ ಅದು ಕಮಿಟಿಗೆ ಹೋಗಬೇಕು, ಕಮಿಟಿ ಬೇಕಾದರೆ ಕೋರ್ಸಿನಿಂದಲೇ ತೆಗೆಯಬಹುದು ಎಂದು ಮೊದಲ ದಿನವೇ ನಮ್ಮಿಂದ ಸಹಿ ಹಾಕಿಸಿಕೊಂಡಿದ್ದರು. ನಾನು ಅತ್ತೆ, ಕೈ ಮುಗಿದೆ, ಉಪ್ಪನ ಮಾತು ಹೇಳಿದೆ. "ನಾನು ಮುಗಿದು ಹೋಗ್ತೇನೆ ಮಿಸ್, ಒಂದು ಸಲ ಬಿಟ್ಟುಬಿಡಿ" ಎಂದೆ. ಅವರು ನನಗೆ ಟಿಶ್ಯೂ ಡಬ್ಬಿ ಕೊಟ್ಟು, ಹೊರಗೆ ಕಳಿಸಿ, ಲ್ಯಾಬಿಗೆ ಬೀಗ ಹಾಕಿಕೊಂಡು ಹೋದರು. ಅವತ್ತು ಗುರುವಾರ. ಶುಕ್ರ, ಶನಿ ಅಲ್ಲಿ ರಜೆ, ಭಾನುವಾರ ಬೆಳಗ್ಗೆ ಅವರು ರಿಪೋರ್ಟು ಕೊಡಬೇಕಿತ್ತು.

ಉಪ್ಪನಿಗೆ ಫೋನು ಮಾಡಿದೆ. ಬೈಗುಳ ಬರಲಿಲ್ಲ. "ಅವರು ನಮ್ಮ ಊರಿನ ಕಡೆಯವರಲ್ವಾ? ನಾನು ಮಾತಾಡ್ತೇನೆ" ಎಂದರು. ಶುಕ್ರವಾರ ಜುಮ್ಮಾ ಮುಗಿಸಿ ಅಂಗಡಿಯನ್ನು ಉಮ್ಮನಿಗೆ ಬಿಟ್ಟು, ಸುವೈಕ್‌ನಿಂದ ಎರಡೂವರೆ ಗಂಟೆ ಪಿಕಪ್ ಓಡಿಸಿಕೊಂಡು ಬಂದರು. ಪಕ್ಕದ ಸೀಟಿನಲ್ಲಿ ಥರ್ಮೋಕೋಲ್ ಪೆಟ್ಟಿಗೆ. ಅದರೊಳಗೆ ಮಂಜುಗಡ್ಡೆಯ ನಡುವೆ ಒಂದು ಇಡೀ ಅಂಜಲ್ ಮೀನು, ಬೆಳಗ್ಗೆ ಸುವೈಕ್‌ನ ಕಡಲಿನಿಂದ ಬಂದದ್ದು.

"ಇದೆಂತ ಉಪ್ಪ?"

"ಕಡಲಿನ ಬದಿಯ ಜನ, ಪಾಪ, ಇಲ್ಲಿ ಖರ್ಜೂರದ ತೋಟದ ಮಧ್ಯೆ ಇದ್ದಾರೆ. ತಾಜಾ ಮೀನು ಎಲ್ಲಿ ಸಿಗ್ತದೆ ಅವರಿಗೆ?" ಎಂದರು. ಉಪ್ಪನ ಲೆಕ್ಕದಲ್ಲಿ ಇದು ಲಂಚ ಅಲ್ಲ, ಊರಿನವರ ಮನೆಗೆ ಬರಿಗೈಯಲ್ಲಿ ಹೋಗಬಾರದು, ಅಷ್ಟೇ. ನಮ್ಮ ಕಡೆ ಎಲ್ಲ ದೊಡ್ಡ ಮಾತುಗಳೂ ಹೀಗೇ ಶುರುವಾಗುವುದು.

ನನ್ನನ್ನೂ ಕೂರಿಸಿಕೊಂಡು ಹೋಗಿ ಫ್ಲಾಟಿನ ಬೆಲ್ಲು ಒತ್ತಿದಾಗ ಮಿಸ್ ಬಾಗಿಲು ತೆರೆದರು. ಮನೆಯಲ್ಲಿ ಉಡುವ ಹೂಹೂವಿನ ನೈಟಿ, ಹೆಗಲ ಮೇಲೊಂದು ಟವೆಲು. ಉಪ್ಪ "ನಮಸ್ಕಾರ ಬಾಯಮ್ಮ" ಎಂದು ಪೆಟ್ಟಿಗೆಯನ್ನು ಬಾಗಿಲಿನ ಒಳಗಿಟ್ಟು ಮುಚ್ಚಳ ತೆಗೆದರು. ಮೀನನ್ನು ಕಂಡ ಕೂಡಲೇ ಮಿಸ್‌ನ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ಅವರು ಸೊಂಟಕ್ಕೆ ಕೈಕೊಟ್ಟು ನಿಂತರು.

"ಸಾಯ್ಬ್ರೇ, ಒಳ್ಳೆ ಫಜೀತಿ ತಂದಿಟ್ರಿ ನೀವು. ಇದನ್ನು ವಾಪಸು ಕಳಿಸಿದ್ರೆ ಅನ್ನಕ್ಕೆ ಒದ್ದ ಹಾಗೆ. ಇಟ್ಕೊಂಡ್ರೆ ನಾನು ಮೀನು ತಿಂದು ಮಾತು ನುಂಗಿದೆ ಅಂತಾಗ್ತದೆ. ಒಂದು ಕೆಲಸ ಮಾಡುವ. ಇಲ್ಲೇ ಮೂವರೂ ಕೂತು ತಿಂದು ಮುಗಿಸುವ. ಉಳಿದದ್ದು ನೀವೇ ತಕೊಂಡು ಹೋಗಿ. ನನ್ನ ಫ್ರಿಜ್ಜಿನಲ್ಲಿ ಒಂದು ತುಂಡು ಉಳೀಬಾರದು."

ಉಪ್ಪನಿಗೆ ಸಮಾಧಾನವಾಯಿತು. ಮೀನಿಗೆ ಹಲಾಲ್ ಹರಾಮಿನ ತಕರಾರು ಇಲ್ಲ, ಒಟ್ಟಿಗೆ ಉಂಡರೆ ಕೆಲಸ ಆದ ಹಾಗೆಯೇ ಎಂದು ನನಗೆ ಕಣ್ಣು ಮಿಟುಕಿಸಿದರು. ಮಿಸ್ ಮೀನು ಕಡಿದರು, ಕೆಂಪು ಮಸಾಲೆ ಹಚ್ಚಿದರು, ಕಾವಲಿಯಲ್ಲಿ ಕಾಯಿಸಿದರು. ಕುಚ್ಚಲಕ್ಕಿ ಅನ್ನ, ಲಿಂಬೆ, ನೀರುಳ್ಳಿ. ಇಬ್ಬರೂ ಊರಿನ ಬಸ್ಸುಗಳ ವಿಷಯ, ಯಾವ ಕಡಲಿನ ಬಂಗುಡೆ ರುಚಿ ಎಂಬ ವಿಷಯ ಮಾತಾಡಿದ್ದೇ ಮಾತಾಡಿದ್ದು. ನಾನು ಅನ್ನ ಕಲಸುತ್ತಲೇ ಕೂತೆ.

ಕೈ ತೊಳೆದ ಮೇಲೆ ಉಪ್ಪ ಗಂಟಲು ಸರಿಮಾಡಿಕೊಂಡರು. "ಬಾಯಮ್ಮ, ಇವಳು ಮಗು. ಗೊತ್ತಿಲ್ಲದೆ..."

"ಸಾಯ್ಬ್ರೇ, ನಿಮಗೆ ಶುಗರ್ ಉಂಟಾ?"

ಉಪ್ಪ ತಬ್ಬಿಬ್ಬಾದರು. "ಉಂಟು. ಹತ್ತು ವರ್ಷ ಆಯ್ತು."

"ಕಳೆದ ಸಲ ಎಷ್ಟಿತ್ತು?"

"ಇನ್ನೂರ ನಲ್ವತ್ತು. ಡಾಕ್ಟ್ರು ಮಾತ್ರೆ ಬದಲಿಸಿದ್ರು."

"ಆ ಲ್ಯಾಬಿನ ಹುಡುಗನಿಗೆ ಮೆಷಿನ್ ಹಾಳಾಗಿದೆ ಅಂತ ಭಯ ಆಗಿ, ಸುಮ್ಮನೆ ನೂರ ಹತ್ತು ಅಂತ ಚಂದ ಮಾಡಿ ಬರೆದು ಕೊಟ್ಟಿದ್ರೆ? ಅವನೂ ಒಬ್ಬರ ಮನೆಯ ಮಗುವೇ ಅಲ್ವಾ?"

ಮಿಸ್‌ನ ದನಿ ಇಳಿಯಿತು. "ನಿಮ್ಮ ಮಗಳು ಬುದ್ಧಿವಂತೆ. ಅದೇ ನನಗೆ ಹೆದರಿಕೆ. ಭಾನುವಾರ ನಾನು ಕಾಗದ ಕೊಡ್ತೇನೆ. ಕಂಡದ್ದನ್ನು ಬರೀತೇನೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನನ್ನ ಮೇಲೆ ಬೇಜಾರು ಮಾಡ್ಬೇಡಿ."

ಉಪ್ಪ ನನ್ನನ್ನು ಪಿಕಪ್ಪಿನಲ್ಲಿ ಹಾಸ್ಟೆಲಿಗೆ ಬಿಟ್ಟರು. ಗೇಟಿನ ಹತ್ತಿರ ನಿಲ್ಲಿಸಿ ಹೇಳಿದರು: "ನನ್ನ ರಕ್ತ ನೋಡುವ ಹುಡುಗ ಇಂಥ ಒಬ್ಬರ ಕೈಯಲ್ಲಿ ಕಲ್ತಿರ್ಲಿ ಅಂತ ದುವಾ ಮಾಡ್ಬೇಕು ನಾನಿನ್ನು." ನನಗೆ ಉಪ್ಪನ ಮೇಲೂ ರೋಷ ಬಂತು. ಕರೆಸಿದ್ದು ಯಾರ ಪರವಾಗಿ ಮಾತಾಡಲು!

ಭಾನುವಾರ ಬೆಳಗ್ಗೆ ಮಿಸ್ ಆ ಕಾಗದವನ್ನು ಕೊಡುವ ಮುಂಚೆ ನನಗೇ ಓದಲು ಕೊಟ್ಟರು. ನಾಲ್ಕೇ ವಾಕ್ಯ. ಈ ವಿದ್ಯಾರ್ಥಿನಿ ತೂಗದ ಹತ್ತು ತೂಕಗಳನ್ನು ಬರೆದಿದ್ದಾಳೆ. ಪಿಪೆಟ್ಟು ಹಾಳಾಗಿತ್ತು, ಅದು ನನ್ನ ಗಮನಕ್ಕೆ ಬಾರದಿದ್ದದ್ದು ನನ್ನ ತಪ್ಪು. ಕೇಳಿದಾಗ ಎರಡು ಸಲ ಸುಳ್ಳು ಹೇಳಿದಳು, ಮೂರನೇ ಸಲ ಒಪ್ಪಿಕೊಂಡಳು. ಇವಳನ್ನು ಮತ್ತೆ ನನ್ನ ಲ್ಯಾಬಿಗೆ ಸೇರಿಸಿಕೊಳ್ಳಲು ನಾನು ತಯಾರಿದ್ದೇನೆ.

"ಮಿಸ್, 'ಕೇಳಿದ ಕೂಡಲೇ ಒಪ್ಪಿಕೊಂಡಳು' ಅಂತ ಬರೀರಿ ಮಿಸ್. ಅಷ್ಟಾದ್ರೂ."

"ಮೂರನೇ ಸಲ ಅಲ್ವಾ ನೀನು ಹೇಳಿದ್ದು?"

"ಹೌದು."

"ಹಾಗಾದ್ರೆ ಮೂರನೇ ಸಲ."

ಕಮಿಟಿಯ ಮುಖ್ಯಸ್ಥರು ಒಬ್ಬ ಒಮಾನಿ ಡಾಕ್ಟರ್, ಬಿಳಿಗಡ್ಡದ ಹಿರಿಯರು. ಕಾಗದವನ್ನು ಎರಡು ಸಲ ಓದಿದರು. ಉಳಿದವರು ನನ್ನನ್ನು ಕಳಿಸಿಬಿಡುವುದೇ ಸರಿ ಎಂಬಂತೆ ಮಾತಾಡುತ್ತಿದ್ದರು. ಅವರು ಕನ್ನಡಕ ತೆಗೆದು ಇಂಗ್ಲಿಷಿನಲ್ಲಿ ಹೇಳಿದರು: "ಎರಡು ಸಲ ಸುಳ್ಳು ಹೇಳಿದಳು ಎಂಬುದನ್ನೂ ಈ ಕಾಗದ ಬರೆದಾಕೆ ಬಿಟ್ಟಿಲ್ಲ. ತನ್ನ ತಪ್ಪನ್ನೂ ಬಿಟ್ಟಿಲ್ಲ. ಹಾಗಿರುವಾಗ ಕೊನೆಯ ವಾಕ್ಯವನ್ನು ಮಾತ್ರ ನಾವು ಹೇಗೆ ನಂಬದೆ ಇರುವುದು?" ಆ ಪರೀಕ್ಷೆಗೆ ಸೊನ್ನೆ, ಒಂದು ಎಚ್ಚರಿಕೆ ಪತ್ರ, ಮುಂದಿನ ಸೆಮಿಸ್ಟರಿನಲ್ಲಿ ಎಲ್ಲ ಲ್ಯಾಬು ಮತ್ತೆ ಮೊದಲಿನಿಂದ. ಪಾಸಾದರೆ ಸೀಟು. ನಾನು ಹೊರಗೆ ಬಂದು ಗೋಡೆಗೆ ಒರಗಿ ಕೂತುಬಿಟ್ಟೆ.

ಆಮೇಲೆ ಪ್ರತಿ ಗುರುವಾರ ಮಧ್ಯಾಹ್ನ, ಉಳಿದವರೆಲ್ಲ ಮನೆಗೆ ಹೊರಟ ಹೊತ್ತಿನಲ್ಲಿ, ನಾನು ಮತ್ತು ಮಿಸ್ ಲ್ಯಾಬಿನಲ್ಲಿ. ಮೊದಲ ಗುರುವಾರ ಅದೇ ಸೋರುವ ಪಿಪೆಟ್ಟನ್ನು ಕೈಗಿಟ್ಟು "ಇದು ಎಷ್ಟು ಸೋರ್ತದೆ ಅಂತ ಸರಿಯಾಗಿ ಹೇಳು ನೋಡುವ" ಎಂದರು. ಮೂರು ಗಂಟೆ ತೂಗಿದೆ. ಕೆಟ್ಟ ಪಿಪೆಟ್ಟಿನ ಕೆಟ್ಟ ಅಂಕಿಗಳೂ ಒಂದು ಸುದ್ದಿ ಹೇಳುತ್ತವೆ ಎಂಬುದು ನನಗೆ ಅವತ್ತೇ ತಿಳಿದದ್ದು. ಆದರೆ ಅದನ್ನು ಅವರಿಗೆ ಹೇಳಲಿಲ್ಲ. ಮುಖ ಊದಿಸಿಕೊಂಡೇ ತೂಗಿದೆ, ಊದಿಸಿಕೊಂಡೇ ಪಾಸಾದೆ. ಡಿಗ್ರಿಯ ನಾಲ್ಕು ವರ್ಷ ಆ ಲ್ಯಾಬಿನ ಕಾರಿಡಾರು ತಪ್ಪಿಸಿ ಸುತ್ತು ದಾರಿಯಲ್ಲಿ ಓಡಾಡಿದೆ. ಎದುರು ಸಿಕ್ಕರೆ "ಗುಡ್ ಮಾರ್ನಿಂಗ್ ಮಿಸ್," ಅಷ್ಟೇ. ಅವರೂ ನಕ್ಕು ತಲೆಯಾಡಿಸುವರು, ಮೇಲೆ ಬಿದ್ದು ಮಾತಾಡಿಸಿದವರಲ್ಲ.

ಅವರಿಗೆ ಅರವತ್ತು ತುಂಬಿ ವೀಸಾ ಮುಗಿದು ಊರಿಗೆ ಹೊರಡುತ್ತಾರೆ ಎಂದು ಶಮ್ಸಾ ಹೇಳಿದಾಗ ನಾನು ಸೊಹಾರ್‌ನಲ್ಲಿ ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು. ಯಾಕೋ ತಡೆಯಲಾಗಲಿಲ್ಲ. ರಜೆ ಹಾಕಿ ಹೋದೆ. ಫ್ಲಾಟಿನ ತುಂಬ ರಟ್ಟಿನ ಪೆಟ್ಟಿಗೆಗಳು. "ಬಂದ್ಯಾ? ಆ ಟೇಪು ಹಿಡ್ಕೊ" ಎಂದರು, ನಿನ್ನೆ ತಾನೇ ಭೇಟಿಯಾದ ಹಾಗೆ. ಪೆಟ್ಟಿಗೆ ಅಂಟಿಸುತ್ತಾ ಅಂಟಿಸುತ್ತಾ, ಅಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಬಾಯಿಗೆ ಬಂದುಬಿಟ್ಟಿತು.

"ಮಿಸ್, ಕಮಿಟಿಯವರು ನನ್ನನ್ನು ತೆಗೆದು ಹಾಕಿದ್ರೆ ಏನು ಮಾಡ್ತಿದ್ರಿ?"

"ಎಂತ ಮಾಡೂದು? ಹಾಕಿದ್ರೆ ಹಾಕಿದ್ದು. ನಾನು ಬರ್ದದ್ದು ಬರ್ದದ್ದೇ." ಟೇಪಿನ ತುದಿ ಕತ್ತರಿಸಿ, "ಆ ಮೂರು ದಿನ ನನಗೂ ನಿದ್ದೆ ಇರಲಿಲ್ಲ ಮಾರಾಯ್ತಿ" ಎಂದರು.

"ಒಂದು ಸಲ ಬಿಟ್ಟಿದ್ರೆ ಏನಾಗ್ತಿತ್ತು? ನಾನು ಮತ್ತೆ ಮಾಡ್ತಿರಲಿಲ್ಲ."

ಮಿಸ್ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಮಡಿಲಲ್ಲಿ ಇಟ್ಟುಕೊಂಡು ಪೆಟ್ಟಿಗೆಯ ಮೇಲೆ ಕೂತರು.

"ನಾನು ಮಾಡಿದ್ದೆ" ಎಂದರು.

ಅವರ ಮೊದಲ ಕೆಲಸ ಘಟ್ಟದ ಮೇಲಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ. ಲ್ಯಾಬಿಗೆ ಇವರೊಬ್ಬರೇ. ಜನ ಜಾಸ್ತಿ, ಮೆಷಿನು ಇಲ್ಲ, ಹೀಮೋಗ್ಲೋಬಿನ್ ನೋಡಲು ಪುರುಸೊತ್ತಿಲ್ಲ. "ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡ್ತಿದ್ದೆ. ಕೆಂಪಿದ್ರೆ ಹನ್ನೆರಡೂವರೆ, ಸ್ವಲ್ಪ ಬಿಳಿಚಿದ್ರೆ ಒಂಬತ್ತೂ ಮುಕ್ಕಾಲು. ಮುಖ ನೋಡಿ ಬರೀತಿದ್ದೆ ಮಗಾ, ರಕ್ತ ನೋಡಿ ಅಲ್ಲ. ಶುರುವಿಗೆ ಒಂದೇ ಸಲ ಅಂತ ಬರ್ದದ್ದು. ಎರಡು ವರ್ಷ ಆಯ್ತು. ಡಾಕ್ಟ್ರು ಹೊಗಳಿದ್ದೇ ಹೊಗಳಿದ್ದು, ಈ ಹುಡುಗಿ ಎಷ್ಟು ಬೇಗ ರಿಪೋರ್ಟ್ ಕೊಡ್ತಾಳೆ ಅಂತ."

"ಯಾರಿಗಾದ್ರೂ ಏನಾದ್ರೂ ಆಯ್ತಾ ಮಿಸ್?"

"ಗೊತ್ತಿಲ್ಲ." ಅವರು ನನ್ನನ್ನೇ ನೋಡುತ್ತಿದ್ದರು. "ಗೊತ್ತೇ ಇಲ್ಲ. ಬರ್ದದ್ದೇ ಸುಳ್ಳಾದ ಮೇಲೆ ಹುಡುಕೂದು ಎಲ್ಲಿಂದ? ಎಷ್ಟು ಬಸುರಿಯರು ಬಂದು ಹೋದ್ರು. ಚರ್ಚಿನ ಪ್ರತಿ ಪೂಜೆಯಲ್ಲೂ ಅವರೆಲ್ಲ ಬದುಕಿರ್ಲಿ ಅಂತ ಕೇಳ್ತೇನೆ, ಒಬ್ಬರ ಹೆಸರೂ ನೆನಪಿಲ್ಲ."

ಅವರ ಪಕ್ಕದಲ್ಲಿ ಹೋಗಿ ಕೂತೆ. ನಾನು ಅವರ ಮೇಲೆ ಎಷ್ಟು ವರ್ಷ ಹಗೆ ಸಾಧಿಸಿದೆ ಎಂದು ಹೇಳಿಬಿಟ್ಟೆ. ಕ್ಷಮಿಸಿ ಎಂದೂ ಅಂದೆ.

"ಹಗೆ ನನಗೂ ಇತ್ತು" ಎಂದರು ಮಿಸ್. "ನಿನ್ನನ್ನು ಹಿಡಿದ ದಿನ ಮನೆಗೆ ಬಂದು ಅತ್ತೆ ನಾನು. ಪಾಪ ಅಂತ ಅಲ್ಲ. ಹೊಟ್ಟೆಕಿಚ್ಚು ಆಯ್ತು ಮಗಾ. ನಿನ್ನನ್ನು ಹಿಡೀಲಿಕ್ಕೆ ಒಬ್ಬಳಾದ್ರೂ ಇದ್ದಳಲ್ಲ."